ಮುಂಡಗೋಡಿನ ಮಠಗಳಿಗೆ ಜೀವವಿಜ್ಞಾನ ಬಂದ ಬಗೆ

ನಮ್ಮ ನಾಲ್ಕು ತಾಲ್ಲೂಕುಗಳ ಶಿಕ್ಷಣದ ಚರಿತ್ರೆ ಬರೆಯಲು ಕೂತವರು ದಾಂಡೇಲಿಯ ಬಂಗೂರನಗರ ಕಾಲೇಜನ್ನು ನೆನೆಯುತ್ತಾರೆ, ಹಳಿಯಾಳದ ಎಂಜಿನಿಯರಿಂಗ್ ಕಾಲೇಜನ್ನು ನೆನೆಯುತ್ತಾರೆ, ಜೋಯಿಡಾದ ಕಾಡಂಚಿನ ಶಾಲೆಗಳ ಪಾಡನ್ನೂ ಬರೆಯುತ್ತಾರೆ. ಮುಂಡಗೋಡಿನ ಲಾಮಾ ಕ್ಯಾಂಪುಗಳಲ್ಲಿ ನಡೆದ ವಿಜ್ಞಾನ ತರಗತಿಗಳ ಮಾತು ಮಾತ್ರ ಆ ಸಾಲಿನಲ್ಲಿ ಬರುವುದು ಅಪರೂಪ. 2014ರಿಂದ 2019ರವರೆಗೆ ಪ್ರತಿ ಬೇಸಿಗೆಯಲ್ಲೂ ಅಮೆರಿಕದ ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದ ಅಧ್ಯಾಪಕರು, ಅವರ ಜತೆಗೆ ಬೇರೆ ಕಾಲೇಜುಗಳವರೂ ಸೇರಿ, ಡ್ರೆಪುಂಗ್ ಮತ್ತು ಗಾದೆನ್ ಮಠಗಳ ಭಿಕ್ಷುಗಳಿಗೆ ಜೀವವಿಜ್ಞಾನ, ನರವಿಜ್ಞಾನ, ಭೌತವಿಜ್ಞಾನದ ಪಾಠ ಮಾಡಿದರು. ಸುಮಾರು ಆರು ನೂರು ವರ್ಷಗಳಿಂದ ಹೆಚ್ಚುಕಡಿಮೆ ಒಂದೇ ಬಗೆಯಾಗಿ ನಡೆದುಬಂದ ಪಠ್ಯಕ್ರಮದೊಳಕ್ಕೆ ಜೀವಕೋಶವೂ ವಂಶವಾಹಿಯೂ ನರಕೋಶವೂ ಬಂದದ್ದು ಹೀಗೆ. ಉತ್ತರ ಕನ್ನಡದ ನೆಲದಲ್ಲಿ ನಡೆದ ದೊಡ್ಡ ವಿದ್ಯಾಪ್ರಯೋಗಗಳಲ್ಲಿ ಇದೂ ಒಂದು ಎಂದು ನಾನು ನಂಬಿದ್ದೇನೆ. ಅದರ ಚರಿತ್ರೆ ಕನ್ನಡದಲ್ಲಿ ದಾಖಲಾಗಬೇಕು ಎಂಬುದೇ ಈ ಬರಹದ ಉದ್ದೇಶ.

ಈ ಚರಿತ್ರೆಯ ಹಿನ್ನೆಲೆಯಲ್ಲಿ ಒಂದು ಕಾಯಿಲೆಯ ನೆರಳಿದೆ. 1959ರಲ್ಲಿ ಟಿಬೆಟ್ ತೊರೆದು ಬಂದ ಭಿಕ್ಷುಗಳಲ್ಲಿ ಸುಮಾರು 1500 ಮಂದಿಯನ್ನು ಪಶ್ಚಿಮ ಬಂಗಾಳದ ಬಕ್ಸಾದಲ್ಲಿ, ಬ್ರಿಟಿಷರು ಸೆರೆಮನೆ ಮಾಡಿಕೊಂಡಿದ್ದ ಹಳೆಯ ಕೋಟೆಯಲ್ಲಿ ಇರಿಸಿದ್ದರು. ಹಿಮದ ನಾಡಿನಿಂದ ಬಂದವರಿಗೆ ಆ ತೇವ, ಆ ಸೆಕೆ, ಆ ಇಕ್ಕಟ್ಟು ಒಗ್ಗಲಿಲ್ಲ. ಕ್ಷಯ ಹಬ್ಬಿತು, ಅನೇಕರು ಅಲ್ಲೇ ತೀರಿಕೊಂಡರು. ಅಂಥ ಸ್ಥಿತಿಯಲ್ಲೂ ಅವರು ಓದು ಬಿಡಲಿಲ್ಲ, ವಾದ ಬಿಡಲಿಲ್ಲ. 1966ರಲ್ಲಿ ಆಗಿನ ಮೈಸೂರು ರಾಜ್ಯ ಸರ್ಕಾರ ಮುಂಡಗೋಡಿನ ಬಳಿ ಸುಮಾರು ನಾಲ್ಕು ಸಾವಿರ ಎಕರೆ ಕೊಟ್ಟು ದೋಗುಲಿಂಗ್ ವಸಾಹತು ಆರಂಭವಾಯಿತು. 1970ರ ಆಸುಪಾಸಿಗೆ ಬಕ್ಸಾದ ಭಿಕ್ಷುಗಳಲ್ಲಿ ಒಂದು ಪಾಲು ಇಲ್ಲಿಗೆ ಬಂದು ಕಾಡು ಕಡಿದು, ಗೋವಿನಜೋಳ ಬಿತ್ತಿ, ಗುಡಾರಗಳಲ್ಲಿ ಇದ್ದುಕೊಂಡು ಮಠ ಕಟ್ಟಿದರು. ಗಾದೆನ್ ಮಠದ ಮೂಲ 1409ರದು, ಡ್ರೆಪುಂಗಿನದು 1416ರದು. ಇಲ್ಲಿಯ ಜನ ಅವನ್ನು ಒಂದನೇ ಲಾಮಾ ಕ್ಯಾಂಪು, ಎರಡನೇ ಲಾಮಾ ಕ್ಯಾಂಪು ಎಂದೇ ಕರೆಯುತ್ತಾರೆ.

ಸಂಶೋಧಕರು ಈ ತಾಲ್ಲೂಕುಗಳಿಗೆ ಕಾಲಿಟ್ಟದ್ದು ಎಮೊರಿಯವರಿಗಿಂತ ಬಹಳ ಮೊದಲು. ಮಾನವಶಾಸ್ತ್ರಜ್ಞ ಟಿ. ಸಿ. ಪಾಲಾಕ್ಷಪ್ಪ ಅವರು 1976ರಲ್ಲಿ ಉತ್ತರ ಕನ್ನಡದ ಆಫ್ರಿಕ ಮೂಲದ ಸಿದ್ದಿಗಳನ್ನು ಕುರಿತು, 1978ರಲ್ಲಿ ಮುಂಡಗೋಡಿನ ಟಿಬೆಟಿಯನ್ನರನ್ನು ಕುರಿತು ಇಂಗ್ಲಿಷಿನಲ್ಲಿ ಒಂದೊಂದು ಪುಸ್ತಕ ತಂದರು. ಒಬ್ಬನೇ ವಿದ್ವಾಂಸ ಈ ಎರಡೂ ಸಮುದಾಯಗಳನ್ನು ಬೆನ್ನುಬೆನ್ನಿಗೆ ಅಭ್ಯಾಸ ಮಾಡಿದ್ದು ಗಮನಿಸಬೇಕಾದ ಸಂಗತಿ. ದೂರದಿಂದ ಬಂದು ಇದೇ ಕಾಡಿನಲ್ಲಿ ನೆಲೆ ಕಂಡವರು ಇಬ್ಬರೂ.

ಸಿದ್ದಿಗಳ ವಿಷಯದಲ್ಲಿ ಮುಂದಿನ ಅಧ್ಯಯನ ರಕ್ತದ ಮಾದರಿಯಿಂದ ನಡೆಯಿತು. ಹೈದರಾಬಾದಿನ ಕೋಶೀಯ ಮತ್ತು ಅಣ್ವಿಕ ಜೀವವಿಜ್ಞಾನ ಕೇಂದ್ರದ ಕುಮಾರಸಾಮಿ ತಂಗರಾಜ್ ಅವರ ತಂಡ 2011ರಲ್ಲಿ 'ಅಮೆರಿಕನ್ ಜರ್ನಲ್ ಆಫ್ ಹ್ಯೂಮನ್ ಜೆನೆಟಿಕ್ಸ್' ಪತ್ರಿಕೆಯಲ್ಲಿ ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ಡಿಎನ್‌ಎ ವಿಶ್ಲೇಷಣೆ ಪ್ರಕಟಿಸಿತು. ಧಾರವಾಡದ ತಳಿವಿಜ್ಞಾನಿ, ಮುಂದೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾದ ಪ್ರಮೋದ ಗಾಯಿ, ಮಂಗಳೂರು ವಿಶ್ವವಿದ್ಯಾಲಯದ ಮೊಹಮ್ಮದ್ ಮುಸ್ತಾಕ್ ಅವರೂ ಅದರ ಲೇಖಕರಲ್ಲಿದ್ದಾರೆ. ಸಿದ್ದಿಗಳ ಪೂರ್ವಿಕರು ಸಹಾರಾದ ದಕ್ಷಿಣಕ್ಕಿರುವ ಆಫ್ರಿಕದ ಬಂಟು ಭಾಷಿಕ ಸಮುದಾಯಗಳಿಗೆ ಹತ್ತಿರದವರು, ಅದರ ಜತೆ ಭಾರತೀಯ ಅಂಶ ಸೇರಿದೆ, ಪ್ರಾಯಶಃ ಪೋರ್ಚುಗೀಸರ ಮೂಲಕ ಯುರೋಪಿನ ಅಂಶವೂ ಇದೆ, ಈ ಬೆರಕೆ ಸುಮಾರು ಎಂಟು ತಲೆಮಾರುಗಳಷ್ಟು, ಎಂದರೆ ಇನ್ನೂರು ವರ್ಷಗಳಷ್ಟು ಹಿಂದಿನದು ಎಂಬುದು ಅದರ ಸಾರ.

ಎಂಟು ತಲೆಮಾರು ಎಂದು ಹೇಳಿದ್ದು ಹೇಗೆ? ತಂದೆಯ ಕಡೆಯಿಂದ, ತಾಯಿಯ ಕಡೆಯಿಂದ ಬಂದ ವರ್ಣತಂತುಗಳು ಪ್ರತಿ ತಲೆಮಾರಿನಲ್ಲೂ ಒಂದರ ತುಂಡನ್ನು ಇನ್ನೊಂದಕ್ಕೆ ಕೊಟ್ಟು ತೆಗೆದುಕೊಳ್ಳುತ್ತವೆ. ಆಫ್ರಿಕದಿಂದ ಬಂದ ಉದ್ದನೆಯ ತುಂಡು ಹೀಗೆ ತಲೆಮಾರಿನಿಂದ ತಲೆಮಾರಿಗೆ ಕತ್ತರಿಸಿ ಕಿರಿದಾಗುತ್ತ ಹೋಗುತ್ತದೆ. ಉಳಿದ ತುಂಡುಗಳ ಉದ್ದ ಅಳೆದರೆ ಬೆರಕೆ ಎಷ್ಟು ತಲೆಮಾರು ಹಿಂದಿನದೆಂದು ಅಂದಾಜಿಸಬಹುದು. ಗೋವೆಯ ಪೋರ್ಚುಗೀಸರ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಹೊಕ್ಕವರು ಎಂದು ಸಿದ್ದಿಗಳ ಬಗ್ಗೆ ಹೇಳಿಕೊಂಡು ಬಂದ ಮಾತಿಗೆ ಪ್ರಯೋಗಾಲಯದ ಈ ಲೆಕ್ಕವೂ ಇಂಬು ಕೊಡುತ್ತದೆ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ ಈ ಸಮುದಾಯಕ್ಕೆ ಇದು ತನ್ನ ಮನೆತನದ ಚರಿತ್ರೆಯೇ. ಆದರೆ ಆ ಪ್ರಬಂಧ ಇಂಗ್ಲಿಷಿನಲ್ಲಿದೆ. ಹಳಿಯಾಳ, ಮುಂಡಗೋಡು, ಜೋಯಿಡಾ ಕಡೆಯ ಸಿದ್ದಿಗಳ ಮನೆಮಾತು ಕೊಂಕಣಿಯ ಒಂದು ಬಗೆ, ಶಾಲೆಯ ಮಾತು ಕನ್ನಡ. ಈ ಮಾತನ್ನು ಇಲ್ಲಿಗೆ ಬಿಟ್ಟು ಮುಂದೆ ಮತ್ತೆ ಎತ್ತಿಕೊಳ್ಳುತ್ತೇನೆ. ಮಠಗಳಲ್ಲಿ ಆದದ್ದೇನೆಂಬುದು ಈ ಹೋಲಿಕೆಯಲ್ಲೇ ಚೆನ್ನಾಗಿ ಕಾಣುತ್ತದೆ.

ಟಿಬೆಟಿನ ಭಿಕ್ಷುಗಳೂ ಮೊದಮೊದಲು ವಿಜ್ಞಾನಿಗಳಿಗೆ ಅಧ್ಯಯನದ ವಸ್ತುವೇ ಆಗಿದ್ದರು. ದಲೈ ಲಾಮಾ ಮತ್ತು ವಿಜ್ಞಾನಿಗಳ ನಡುವಿನ 'ಮೈಂಡ್ ಆ್ಯಂಡ್ ಲೈಫ್' ಸಂವಾದ 1987ರಲ್ಲಿ ಧರ್ಮಶಾಲೆಯಲ್ಲಿ ಶುರುವಾಯಿತು. 1992ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರಿಚರ್ಡ್ ಡೇವಿಡ್‌ಸನ್, ನರವಿಜ್ಞಾನಿ ಫ್ರಾನ್ಸಿಸ್ಕೊ ವರೇಲಾ ಮೊದಲಾದವರು ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಯಂತ್ರಗಳನ್ನು ಹೊತ್ತುಕೊಂಡು ಅಲ್ಲಿಯ ಬೆಟ್ಟದ ಏಕಾಂತವಾಸಿಗಳ ಬಳಿಗೆ ಹೋದರು. ಅಳೆಯಿಸಿಕೊಳ್ಳಲು ಅವರು ಒಪ್ಪಲಿಲ್ಲ. ಆಗ ನಡೆದ ಒಂದು ಪ್ರಾತ್ಯಕ್ಷಿಕೆಯನ್ನು ಡೇವಿಡ್‌ಸನ್ ಅನೇಕ ಕಡೆ ಹೇಳಿದ್ದಾರೆ: ನೆರೆದಿದ್ದ ಭಿಕ್ಷುಗಳ ಮುಂದೆ ವರೇಲಾ ಅವರ ತಲೆಗೆ ತಂತಿಗಳ ಟೋಪಿ ತೊಡಿಸಿದಾಗ ಸಭೆಯೆಲ್ಲ ನಕ್ಕಿತು. ಆ ವೇಷ ನೋಡಿ ನಗುತ್ತಿದ್ದಾರೆಂದು ವಿಜ್ಞಾನಿಗಳು ತಿಳಿದರು. ಕರುಣೆಯನ್ನು ಅಭ್ಯಾಸ ಮಾಡಲು ಬಂದವರು ತಂತಿಯನ್ನು ಎದೆಗೆ ಹಚ್ಚುವುದು ಬಿಟ್ಟು ತಲೆಗೆ ಹಚ್ಚಿದ್ದರಲ್ಲ, ಭಿಕ್ಷುಗಳು ನಕ್ಕದ್ದು ಅದಕ್ಕೆ.

ಡೇವಿಡ್‌ಸನ್ ತಂಡದ ಹೆಸರಾದ ಪ್ರಬಂಧ ಬಂದದ್ದು 2004ರಲ್ಲಿ. ಹತ್ತು ಸಾವಿರದಿಂದ ಐವತ್ತು ಸಾವಿರ ತಾಸು ಧ್ಯಾನ ಮಾಡಿದ ಎಂಟು ಮಂದಿ ಸಾಧಕರನ್ನೂ ಹತ್ತು ಮಂದಿ ವಿದ್ಯಾರ್ಥಿಗಳನ್ನೂ ಹೋಲಿಸಿ ನೋಡಿದಾಗ, ಕರುಣೆಯ ಧ್ಯಾನದಲ್ಲಿ ಸಾಧಕರ ಮಿದುಳಿನ ಗಾಮಾ ಅಲೆಗಳು ಎದ್ದುಕಾಣುವಷ್ಟು ಪ್ರಬಲವಾಗಿದ್ದವು, ಮಿದುಳಿನ ದೂರದೂರದ ಭಾಗಗಳಲ್ಲಿ ಒಂದೇ ಲಯದಲ್ಲಿ ಎದ್ದವು. ನರವಿಜ್ಞಾನದ ವಿಭಾಗಗಳಲ್ಲಿ ಧ್ಯಾನ ಒಂದು ಗಂಭೀರ ವಿಷಯವಾಗಿ ನೆಲೆಯೂರಲು ಈ ಪ್ರಬಂಧ ಬಹಳ ನೆರವಾಯಿತು.

ಎಮೊರಿಯ ಕಥೆ ಬೇರೆ, ಅದರ ಬೇರು ಮುಂಡಗೋಡಿನಲ್ಲೇ ಇದೆ. ಹಿಮಾಚಲದ ಕಿನ್ನೌರಿನವರಾದ ಲೋಬ್ಸಾಂಗ್ ತೆನ್ಜಿನ್ ನೇಗಿ ಡ್ರೆಪುಂಗ್ ಮಠದ ಲೋಸಲಿಂಗ್ ವಿದ್ಯಾಶಾಖೆಯಲ್ಲಿ ಓದಿ 1994ರಲ್ಲಿ ಗೆಶೆ ಲ್ಹಾರಂಪಾ ಪದವಿ ಪಡೆದರು. ಅದು ಅಲ್ಲಿಯ ಅತ್ಯುನ್ನತ ಪದವಿ. ಆಮೇಲೆ ಎಮೊರಿಗೆ ಹೋಗಿ 1999ರಲ್ಲಿ ಪಿಎಚ್.ಡಿ. ಮುಗಿಸಿ ಅಲ್ಲೇ ಅಧ್ಯಾಪಕರಾದರು. ಮಠಕ್ಕೂ ವಿಶ್ವವಿದ್ಯಾಲಯಕ್ಕೂ 1998ರಲ್ಲಿ ಬೆಸೆದ ಸಂಬಂಧಕ್ಕೆ ಅವರೇ ಕೊಂಡಿ. ವಿದ್ಯಾರ್ಥಿಗಳ ಮಾನಸಿಕ ಒತ್ತಡಕ್ಕೆ ಏನಾದರೂ ಮಾಡಬೇಕೆಂಬ ಕಾಳಜಿಯಿಂದ ಅವರು ಕರುಣೆಯನ್ನು ಹಂತಹಂತವಾಗಿ ಕಲಿಸುವ, ಯಾವ ಧರ್ಮಕ್ಕೂ ಸೇರದ ಒಂದು ತರಬೇತಿ ರೂಪಿಸಿದರು.

ಆ ತರಬೇತಿಯನ್ನು ಎಮೊರಿಯ ವೈದ್ಯವಿಜ್ಞಾನಿಗಳು ಪರೀಕ್ಷೆಗೆ ಒಡ್ಡಿದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇವರ ಆಸಕ್ತಿ ಎಂಥದೆಂದು ಅದರಿಂದ ತಿಳಿಯುತ್ತದೆ. ಥಡಿಯಸ್ ಪೇಸ್, ಮನೋವೈದ್ಯ ಚಾರ್ಲ್ಸ್ ರೈಸನ್, ನೇಗಿ ಮತ್ತಿತರರು 2009ರಲ್ಲಿ ಪ್ರಕಟಿಸಿದ ಅಧ್ಯಯನವದು. 61 ಆರೋಗ್ಯವಂತರಲ್ಲಿ ಕೆಲವರಿಗೆ ಆರು ವಾರ ಕರುಣೆಯ ಧ್ಯಾನ ಕಲಿಸಿದರು, ಉಳಿದವರಿಗೆ ಆರೋಗ್ಯದ ಬಗ್ಗೆ ಚರ್ಚಾ ತರಗತಿ ನಡೆಸಿದರು. ಕೊನೆಗೆ ಎಲ್ಲರನ್ನೂ ಒಬ್ಬೊಬ್ಬರಾಗಿ ಅಪರಿಚಿತರ ಮುಂದೆ ನಿಲ್ಲಿಸಿ ಭಾಷಣ ಮಾಡಿಸಿದರು, ಬಾಯಿಲೆಕ್ಕ ಹಾಕಿಸಿದರು. ಯಾರಿಗಾದರೂ ಎದೆ ಡವಗುಟ್ಟುವ ಸಂದರ್ಭ. ಆ ಹೊತ್ತಿಗೆ ರಕ್ತದಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಎಷ್ಟು ಏರಿತು, ದೇಹದ ಉರಿಯೂತದ ಸೂಚಕವಾದ ಇಂಟರ್‌ಲ್ಯೂಕಿನ್-6 ಎಷ್ಟು ಏರಿತು ಎಂದು ಅಳೆದರು. ಎರಡು ಗುಂಪುಗಳನ್ನು ಒಟ್ಟಾರೆ ಹೋಲಿಸಿದಾಗ ವ್ಯತ್ಯಾಸ ಕಾಣಲಿಲ್ಲ. ಧ್ಯಾನದ ಗುಂಪಿನೊಳಗೆ ಮಾತ್ರ, ಮನೆಯಲ್ಲಿ ಹೆಚ್ಚು ಅಭ್ಯಾಸ ಮಾಡಿದವರಲ್ಲಿ ಇಂಟರ್‌ಲ್ಯೂಕಿನ್-6 ಕಡಿಮೆ ಏರಿತ್ತು, ಕಳವಳವೂ ಕಡಿಮೆಯಿತ್ತು. ಕಲಿತ ಮಾತ್ರಕ್ಕೆ ಫಲವಿಲ್ಲ, ಮಾಡಿದವರಲ್ಲಿ ಮಾತ್ರ ಫಲದ ಸೂಚನೆ ಇದೆ ಎಂದಾಯಿತು. ಹೆಚ್ಚು ಮಾಡಿದವರು ಮೊದಲೇ ಗಟ್ಟಿಗರಾಗಿದ್ದಿರಬಹುದಲ್ಲವೇ ಎಂಬ ಪ್ರಶ್ನೆಗೂ ಇಲ್ಲಿ ಜಾಗವಿದೆ. ಧ್ಯಾನದಿಂದ ಸಕಲ ರೋಗವೂ ವಾಸಿ ಎಂದು ಬರೆಯುವವರು ಈ ಪ್ರಬಂಧವನ್ನು ಒಮ್ಮೆ ಪೂರ್ತಿ ಓದಬೇಕು.

ಭಿಕ್ಷುಗಳಿಗೆ ಸಮಗ್ರವಾಗಿ ವಿಜ್ಞಾನ ಕಲಿಸುವ ಪಠ್ಯಕ್ರಮ ರೂಪಿಸಿಕೊಡಿ ಎಂದು 2006ರಲ್ಲಿ ದಲೈ ಲಾಮಾ ಎಮೊರಿಯನ್ನು ಕೇಳಿದರು. ಕೇಳಿದವರು ಮಠದವರು, ಒಪ್ಪಿಕೊಂಡವರು ವಿಶ್ವವಿದ್ಯಾಲಯದವರು. ಇಡೀ ಯೋಜನೆಯ ಸ್ವಭಾವವನ್ನು ನಿರ್ಧರಿಸಿದ್ದು ಇದೇ. 2008ರಿಂದ ಧರ್ಮಶಾಲೆಯಲ್ಲಿ ಆಯ್ದ ಭಿಕ್ಷು, ಭಿಕ್ಷುಣಿಯರ ಒಂದು ತಂಡದೊಂದಿಗೆ ಪ್ರಯೋಗ ನಡೆಯಿತು. 2012ರಲ್ಲಿ ಈ ಮಠಗಳು ಸೇರಿದ ಗೆಲುಗ್ ಪಂಥದ ಹಿರಿಯರು ಸಭೆ ಸೇರಿ ವಿಜ್ಞಾನವನ್ನು ಪಠ್ಯಕ್ರಮಕ್ಕೆ ಸೇರಿಸಲು ತೀರ್ಮಾನಿಸಿದರು. 2013ರ ಜನವರಿ 17ರಿಂದ 22ರವರೆಗೆ ಮೈಂಡ್ ಆ್ಯಂಡ್ ಲೈಫ್‌ನ 26ನೇ ಸಂವಾದ ಮುಂಡಗೋಡಿನ ಡ್ರೆಪುಂಗ್‌ನಲ್ಲೇ ನಡೆಯಿತು. ಸಾವಿರಾರು ಭಿಕ್ಷುಗಳ ಎದುರು ಡೇವಿಡ್‌ಸನ್, ಪ್ರಜ್ಞೆಯ ನರವಿಜ್ಞಾನದಲ್ಲಿ ದೊಡ್ಡ ಹೆಸರಾದ ಕ್ರಿಸ್ಟೋಫ್ ಕೋಚ್ ಮೊದಲಾದವರು ಮಾತಾಡಿದರು. ಮರುವರ್ಷ ಡ್ರೆಪುಂಗ್, ಗಾದೆನ್, ಬೈಲಕುಪ್ಪೆಯ ಸೆರಾ ಈ ಮೂರೂ ಕಡೆ ಆರು ವರ್ಷದ ಪಾಠ ಶುರುವಾಯಿತು.

ಹೊರಗಿನ ಪ್ರಾಧ್ಯಾಪಕರಿಗೆ ಇಲ್ಲಿ ಉಳಿಯಬೇಕಾದರೆ ಕೇಂದ್ರ ಗೃಹ ಸಚಿವಾಲಯದ ಸಂರಕ್ಷಿತ ಪ್ರದೇಶದ ಪರವಾನಗಿ ಬೇಕು. ಅದು ಕೈಸೇರಿದ ಮೇಲೇ ಪ್ರಯಾಣದ ಮಾತು. ಪಾಠ ಇಂಗ್ಲಿಷಿನಲ್ಲಿ, ಪಕ್ಕದಲ್ಲೇ ಟಿಬೆಟಿಯನ್ ಅನುವಾದಕ. ಪಠ್ಯಪುಸ್ತಕಗಳು ಎರಡೂ ಭಾಷೆಯಲ್ಲಿ ಅಚ್ಚಾದವು. ಸಾವಿರಾರು ಹೊಸ ಪಾರಿಭಾಷಿಕ ಪದಗಳನ್ನು ಟಿಬೆಟಿಯನ್ನಿನಲ್ಲಿ ಕಟ್ಟಲು ಅನುವಾದಕರು, ಭಿಕ್ಷುಗಳು, ವಿಜ್ಞಾನಿಗಳು ಸೇರಿ 2009ರಿಂದಲೇ ಸಮ್ಮೇಳನ ನಡೆಸುತ್ತ ಬಂದಿದ್ದರು.

ತರಗತಿಯಲ್ಲಿ ಕೂತವರು ಹತ್ತಾರು ವರ್ಷ ತರ್ಕಶಾಸ್ತ್ರದಲ್ಲಿ ಪಳಗಿದವರು. ಸಂಜೆ ಅಂಗಳದಲ್ಲಿ ಅವರು ವಾದ ಮಾಡುವುದನ್ನು ಮುಂಡಗೋಡಿಗೆ ಹೋದವರು ನೋಡಿಯೇ ಇರುತ್ತಾರೆ. ಉತ್ತರಿಸುವವನು ನೆಲದ ಮೇಲೆ ಕೂತಿರುತ್ತಾನೆ. ಪ್ರಶ್ನಿಸುವವನು ನಿಂತು, ಬಲಗೈ ಎತ್ತಿ, ಎಡಗಾಲು ನೆಲಕ್ಕೆ ಅಪ್ಪಳಿಸಿ, ಅಂಗೈಗೆ ಅಂಗೈ ಫಟ್ಟೆಂದು ಹೊಡೆದು ಪ್ರಶ್ನೆ ಎಸೆಯುತ್ತಾನೆ. ಮಾತಿನಲ್ಲಿ ಎಲ್ಲಿ ಬಿರುಕಿದೆಯೋ ಅಲ್ಲಿಗೇ ಮುಂದಿನ ಪೆಟ್ಟು. ವಿಜ್ಞಾನದ ಪಾಠವೂ ಈ ಅಂಗಳಕ್ಕೆ ಇಳಿಯಿತು.

ಮತ್ತೆ ಮತ್ತೆ ಎದ್ದ ಪ್ರಶ್ನೆ ಬ್ಯಾಕ್ಟೀರಿಯಾದ್ದು: ಅದಕ್ಕೆ ಚಿತ್ತವಿದೆಯೇ? ನಮ್ಮ ಕಾಲೇಜುಗಳ ಜೀವವಿಜ್ಞಾನ ತರಗತಿಯಲ್ಲಿ ಯಾರೂ ಇದನ್ನು ಕೇಳುವುದಿಲ್ಲ. ಇವರಿಗೆ ಅದು ಪ್ರಾಣದ ಪ್ರಶ್ನೆ. ಸುಖ ಬಯಸುವ, ದುಃಖದಿಂದ ದೂರ ಸರಿಯುವ ಜೀವಿಗೆ ಚಿತ್ತವಿದೆ, ಚಿತ್ತವುಳ್ಳದ್ದನ್ನು ಕೊಲ್ಲಬಾರದು ಎಂಬುದು ಅವರ ಶಾಸ್ತ್ರ. ಗಿಡಮರಗಳಿಗೆ ಚಿತ್ತವಿಲ್ಲ ಎಂದು ಅದು ಹಿಂದೆಯೇ ತೀರ್ಮಾನಿಸಿದೆ. ಸೂಕ್ಷ್ಮದರ್ಶಕದಡಿ ಈಜಾಡುವ ಬ್ಯಾಕ್ಟೀರಿಯಾ ಸಕ್ಕರೆಯ ಕಡೆಗೆ ಹೋಗುತ್ತದೆ, ವಿಷದಿಂದ ದೂರ ಹೋಗುತ್ತದೆ. ಹಾಗಾದರೆ? ಅಧ್ಯಾಪಕರ ಉತ್ತರ ರಾಸಾಯನಿಕವಾದದ್ದು. ಕೋಶದ ಮೇಲಿನ ಪ್ರೋಟೀನುಗಳು ಸಕ್ಕರೆಯ ಅಣುವನ್ನು ಹಿಡಿಯುತ್ತವೆ, ಒಳಗಿನ ಸಂಕೇತ ಬಾಲದಂಥ ಕಶಾಂಗವನ್ನು ಒಂದು ದಿಕ್ಕಿಗೆ ತಿರುಗಿಸುತ್ತದೆ, ಸಕ್ಕರೆ ಹೆಚ್ಚುತ್ತಿದ್ದರೆ ನೇರ ಈಜು ಉದ್ದವಾಗುತ್ತದೆ, ಕಡಿಮೆಯಾದರೆ ಪಲ್ಟಿ ಹೊಡೆದು ದಿಕ್ಕು ಬದಲಿಸುತ್ತದೆ, ನರಕೋಶವಿಲ್ಲ, ಮಿದುಳಿಲ್ಲ. ತರ್ಕ ಓದಿದವರಿಗೆ ಇಷ್ಟು ಸಾಲದು. ನಮ್ಮ ನಾಲಗೆಯ ಮೇಲೂ ಅಂಥದೇ ಪ್ರೋಟೀನು ಸಕ್ಕರೆಯ ಅಣುವನ್ನು ಹಿಡಿಯುತ್ತದೆ. ಅಣುಗಳ ಲೆಕ್ಕ ಮುಗಿದು ಅನುಭವ ಶುರುವಾಗುವುದು ಯಾವ ಮೆಟ್ಟಿಲಲ್ಲಿ?

ಆ ಮೆಟ್ಟಿಲನ್ನು ಯಾವ ವಿಶ್ವವಿದ್ಯಾಲಯವೂ ಇನ್ನೂ ತೋರಿಸಿಕೊಟ್ಟಿಲ್ಲ. ಎಮೊರಿಯ ಜೀವವಿಜ್ಞಾನಿ ಆರಿ ಐಸೆನ್ ಈ ಬಗೆಯ ಪ್ರಶ್ನೆಗಳಿಂದ ತಮ್ಮ ಬೋಧನೆ, ಚಿಂತನೆ ಎರಡೂ ಬದಲಾದುದನ್ನು ಬರೆದಿದ್ದಾರೆ. ಎಮೊರಿಯಲ್ಲಿ ವಿಜ್ಞಾನ ಕಲಿತ ಮೊದಲ ಭಿಕ್ಷುಗಳಲ್ಲಿ ಒಬ್ಬರಾದ ಯುಂಗ್‌ಡ್ರುಂಗ್ ಕೊಂಚೊಕ್ ಅವರ ಜತೆ ಸೇರಿ 'ದಿ ಎನ್‌ಲೈಟನ್ಡ್ ಜೀನ್' ಎಂಬ ಪುಸ್ತಕವನ್ನೂ ತಂದಿದ್ದಾರೆ. ಪಾಠ ಹೇಳಿದವರೂ ಕೇಳಿದವರೂ ಒಂದೇ ಪುಸ್ತಕದ ಲೇಖಕರಾದದ್ದನ್ನು ನಾನು ಈ ಯೋಜನೆಯ ದೊಡ್ಡ ಗಳಿಕೆ ಎಂದು ಎಣಿಸುತ್ತೇನೆ.

ಬಕ್ಸಾವನ್ನು ನೆನೆದರೆ ಬ್ಯಾಕ್ಟೀರಿಯಾದ ಪ್ರಶ್ನೆಗೆ ಇನ್ನೊಂದು ತೂಕ ಬರುತ್ತದೆ. ತಮ್ಮ ಗುರುಗಳ ಗುರುಗಳನ್ನು ಕ್ಷಯದಿಂದ ಕಳೆದುಕೊಂಡ ಪರಂಪರೆ ಇದು. ಒಂದೇ ಕೋಣೆಯಲ್ಲಿ ಹಲವರು ಮಲಗುವ, ಒಂದೇ ಸಭಾಂಗಣದಲ್ಲಿ ನೂರಾರು ಜನ ತಾಸುಗಟ್ಟಲೆ ಪಠಿಸುವ ಮಠದ ಬದುಕಿನಲ್ಲಿ ಗಾಳಿಯಿಂದ ಹರಡುವ ರೋಗದ ಅಪಾಯ ಇಂದಿಗೂ ಇದೆ. ಭಾರತದಲ್ಲಿರುವ ಟಿಬೆಟಿಯನ್ನರಲ್ಲಿ ಕ್ಷಯ ಹೆಚ್ಚೆಂಬುದು ವೈದ್ಯರಿಗೆ ಗೊತ್ತಿರುವ ವಿಷಯ. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ತಜ್ಞರು ಧರ್ಮಶಾಲೆಯ ಡೆಲೆಕ್ ಆಸ್ಪತ್ರೆಯೊಂದಿಗೆ ಸೇರಿ ಟಿಬೆಟಿಯನ್ ಮಕ್ಕಳಲ್ಲಿ ಅದನ್ನು ಬೇರುಸಹಿತ ಕೀಳುವ ಕಾರ್ಯಕ್ರಮವನ್ನೇ ನಡೆಸಿದ್ದಾರೆ. ಔಷಧವನ್ನು ಅರ್ಧಕ್ಕೆ ಬಿಟ್ಟರೆ ಉಳಿದ ಬ್ಯಾಕ್ಟೀರಿಯಾ ಮದ್ದಿಗೆ ಮಣಿಯದಂತಾಗುವುದೇಕೆ ಎಂಬುದನ್ನು ನೈಸರ್ಗಿಕ ಆಯ್ಕೆಯ ಪಾಠದಲ್ಲಿ ತಿಳಿದುಕೊಂಡ ಭಿಕ್ಷು ಪಕ್ಕದ ಹಾಸಿಗೆಯವನಿಗೆ ಗುಳಿಗೆ ಬಿಡಬೇಡ ಎಂದು ಹೇಳಿದರೆ, ಆ ಮಾತಿಗೆ ಗೋಡೆಗೆ ಹಚ್ಚಿದ ಭಿತ್ತಿಪತ್ರಕ್ಕಿಲ್ಲದ ಬಲವಿರುತ್ತದೆ.

2016ರ ಡಿಸೆಂಬರಿನಲ್ಲಿ ಇದೇ ಡ್ರೆಪುಂಗ್‌ನಲ್ಲಿ ಮೊದಲ ಬಾರಿಗೆ 20 ಭಿಕ್ಷುಣಿಯರು ಗೆಶೆಗೆ ಸಮನಾದ ಗೆಶೆಮಾ ಪದವಿ ಪಡೆದರು. ವಿಜ್ಞಾನ ಒಳಬಂದ ಕಾಲದಲ್ಲೇ ಹೆಣ್ಣುಮಕ್ಕಳಿಗೂ ಪದವಿಯ ಬಾಗಿಲು ತೆರೆದದ್ದು ನನಗೆ ಬಹಳ ಸಂತೋಷದ ಸಂಗತಿ. ಮರುವರ್ಷದ ಡಿಸೆಂಬರಿನಲ್ಲಿ ಡ್ರೆಪುಂಗ್ ಲೋಸಲಿಂಗ್‌ನ ಧ್ಯಾನ ಮತ್ತು ವಿಜ್ಞಾನ ಕೇಂದ್ರ ಉದ್ಘಾಟನೆಯಾಯಿತು. 2010ರಿಂದ ತಂಡತಂಡವಾಗಿ ಎಮೊರಿಗೆ ಹೋಗಿ ಓದಿದ ಭಿಕ್ಷುಗಳು ಹಿಂದಿರುಗಿ ತಮ್ಮ ಮಠಗಳಲ್ಲಿ ತಾವೇ ವಿಜ್ಞಾನ ಕಲಿಸತೊಡಗಿದರು. ಗೆಶೆ ಪದವಿಯ ಪರೀಕ್ಷೆಯಲ್ಲೂ ವಿಜ್ಞಾನದ ಪ್ರಶ್ನೆಗಳು ಬಂದವು.

ಸಂಶೋಧನೆಯೂ ಜತೆಗೇ ನಡೆಯಿತು. ಅದರಲ್ಲಿ ಎಲ್ಲಕ್ಕಿಂತ ಸೂಕ್ಷ್ಮವಾದದ್ದು ತುಕ್‌ದಮ್ ಕುರಿತದ್ದು. ಹಿರಿಯ ಸಾಧಕರು ಕೆಲವರು ಉಸಿರು, ಹೃದಯ ನಿಂತ ಮೇಲೂ ಧ್ಯಾನಸ್ಥರಾಗಿಯೇ ಇರುತ್ತಾರೆ, ದಿನಗಟ್ಟಲೆ ದೇಹ ಕೆಡುವುದಿಲ್ಲ ಎಂಬ ನಂಬಿಕೆ ಅದು. ಡೇವಿಡ್‌ಸನ್ ತಂಡ ಸತ್ತ ನಂತರದ ಮಿದುಳಿನ ಅಲೆಗಳನ್ನು ದಾಖಲಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿತು: ಗುರುತಿಸಬಹುದಾದ ಯಾವ ಚಟುವಟಿಕೆಯೂ ಸಿಗಲಿಲ್ಲ. ಇಲ್ಲ ಎಂಬ ಉತ್ತರವನ್ನು ಪ್ರಬಂಧದ ಶೀರ್ಷಿಕೆಯಲ್ಲೇ ಹೇಳಿದ್ದಾರೆ. ಮಠದವರೂ ಇದರಿಂದ ವಿಚಲಿತರಾಗಬೇಕಿಲ್ಲ, ಅವರ ಶಾಸ್ತ್ರ ಹೇಳುವ ಸೂಕ್ಷ್ಮ ಚಿತ್ತ ನೆತ್ತಿಯ ಮೇಲಿನ ತಂತಿಗೆ ಸಿಗಲೇಬೇಕೆಂದೇನೂ ಇಲ್ಲ. ರಷ್ಯದ ಸೇಂಟ್ ಪೀಟರ್ಸ್‌ಬರ್ಗ್‌ನ ನರವಿಜ್ಞಾನಿ ಸ್ವಿಯತೊಸ್ಲಾವ್ ಮೆದ್ವೆದೆವ್ ಅವರ ತಂಡವೂ ದಕ್ಷಿಣ ಭಾರತದ ಟಿಬೆಟಿಯನ್ ಮಠಗಳಲ್ಲಿ ಇದೇ ದಿಕ್ಕಿನಲ್ಲಿ ಕೆಲಸ ಮಾಡಿದೆ.

2021ರ ಆ ಪ್ರಬಂಧದ ಲೇಖಕರ ಪಟ್ಟಿಯಲ್ಲಿ ಟಿಬೆಟಿಯನ್ ಹೆಸರುಗಳೇ ಹತ್ತರ ಸಮೀಪ ಇವೆ. ಯಂತ್ರ ತಲೆಗೆ ಹಚ್ಚಿಸಿಕೊಳ್ಳಲು ಒಲ್ಲೆ ಎಂದ ಸಮುದಾಯ ಮೂರು ದಶಕದೊಳಗೆ ಯಂತ್ರ ಹಿಡಿಯುವ ಸಮುದಾಯವಾಯಿತು. ತಮ್ಮ ಭಾಷೆಯಲ್ಲೇ ಕಲಿಯುತ್ತೇವೆ ಎಂದು ಅವರು ಮೊದಲೇ ಹೇಳಿದ್ದರಿಂದ ಇದು ಸಾಧ್ಯವಾಯಿತು ಎಂಬುದು ನನ್ನ ತಿಳಿವಳಿಕೆ. ಕನ್ನಡಕ್ಕೂ ಅಂಥ ಹುಮ್ಮಸ್ಸು ಒಮ್ಮೆ ಬಂದಿತ್ತು. ಬೆಳ್ಳಾವೆ ವೆಂಕಟನಾರಣಪ್ಪನವರು 'ವಿಜ್ಞಾನ' ಮಾಸಪತ್ರಿಕೆ ಹೊರಡಿಸಿದ್ದು ಶತಮಾನದ ಹಿಂದೆ. ಇಂದು ಮುಂಡಗೋಡಿನ ಕನ್ನಡ ಶಾಲೆಯಲ್ಲಿ ಹತ್ತನೇ ತರಗತಿವರೆಗೆ ಜೀವಕೋಶವನ್ನು ಕನ್ನಡದಲ್ಲಿ ಓದಿದ ಹುಡುಗಿ ಪಿಯುಸಿಗೆ ಹೋದ ದಿನವೇ ಅದೆಲ್ಲವನ್ನೂ ಇಂಗ್ಲಿಷಿನಲ್ಲಿ ಮೊದಲಿನಿಂದ ಕಲಿಯಬೇಕು. ಅವಳ ಊರಿನಿಂದ ಕೆಲವೇ ಮೈಲಿಯಾಚೆಯ ಮಠದಲ್ಲಿ ಅದೇ ಜೀವಕೋಶದ ಮೇಲೆ ಟಿಬೆಟಿಯನ್ನಿನಲ್ಲಿ ವಾದ ನಡೆಯುತ್ತಿರುತ್ತದೆ.

ಸಿದ್ದಿಗಳ ಮಾತಿಗೆ ಈಗ ಬರುತ್ತೇನೆ. ಅಟ್ಲಾಂಟಾದಿಂದ ಮುಂಡಗೋಡಿಗೆ ಆರು ಬೇಸಿಗೆ ಅಧ್ಯಾಪಕರು ಬರಲು ಸಾಧ್ಯವಾದರೆ, ಧಾರವಾಡದಿಂದ ಹಳಿಯಾಳಕ್ಕೆ ಒಂದು ಬೇಸಿಗೆ ಬರುವುದು ಕಷ್ಟವಲ್ಲ. ಕರ್ನಾಟಕ ವಿಶ್ವವಿದ್ಯಾಲಯದ ಜೀವವಿಜ್ಞಾನ ವಿಭಾಗಗಳು ಇಲ್ಲಿಂದ ಬಸ್ಸಿನ ದಾರಿಯಷ್ಟೇ ದೂರ, 2011ರ ಅಧ್ಯಯನದಲ್ಲಿ ಧಾರವಾಡದವರ ಪಾಲೂ ಇದೆ. ಮಠದ ವಿಜ್ಞಾನ ಕೇಂದ್ರದಲ್ಲಿ ಕಲಿಸುವ ಭಿಕ್ಷುಗಳನ್ನೂ ಕರೆಯಬೇಕು, ಹೊಸ ಭಾಷೆಯಲ್ಲಿ ವಿಜ್ಞಾನ ಹೇಳುವ ಕಷ್ಟವನ್ನು ಅವರಷ್ಟು ಬಲ್ಲವರು ಈ ಸುತ್ತಿನಲ್ಲಿ ಬೇರೆ ಯಾರಿದ್ದಾರೆ? ಹಳಿಯಾಳ, ಜೋಯಿಡಾ, ದಾಂಡೇಲಿ, ಮುಂಡಗೋಡಿನ ಸಿದ್ದಿ ಮಕ್ಕಳನ್ನೂ ಗೌಳಿ, ಕುಣಬಿ ಮಕ್ಕಳನ್ನೂ ಕೂರಿಸಿಕೊಂಡು ಆ ಪ್ರಬಂಧವನ್ನು ಸಾಲುಸಾಲಾಗಿ ಕನ್ನಡದಲ್ಲಿ ಬಿಡಿಸಿ ಹೇಳಲಿ. ವರ್ಣತಂತು ಎಂದರೇನು, ಅದರ ತುಂಡು ತಲೆಮಾರಿನಿಂದ ತಲೆಮಾರಿಗೆ ಕಿರಿದಾಗುವುದು ಹೇಗೆ, ಎಂಟು ಎಂಬ ಲೆಕ್ಕ ಎಲ್ಲಿಂದ ಬಂತು, ಅದರಲ್ಲಿ ತಪ್ಪಿಗೆ ಎಷ್ಟು ಎಡೆಯಿದೆ ಎಂಬುದೇ ಮೊದಲ ದಿನದ ಪಾಠವಾಗಲಿ. ಪ್ರಶ್ನೆಗಳ ಸರದಿಯನ್ನು ಎರಡನೆಯ ದಿನದಿಂದ ಮಕ್ಕಳಿಗೇ ಬಿಡಬೇಕು.